ಮನೆಯಲ್ಲಿ ನಮಾಜಿಗೊಂದು ಜಾಗ: ಎಲ್ಲಿ, ಎಷ್ಟು, ಯಾವ ದಿಕ್ಕಿಗೆ?

ಪ್ರಶ್ನೆ: ದಾವಣಗೆರೆಯಲ್ಲಿ 30×40 ಅಡಿಯ, ಪೂರ್ವಕ್ಕೆ ರಸ್ತೆಯಿರುವ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪಾಯ ಮುಗಿದಿದೆ, ಗೋಡೆ ಇನ್ನೂ ಎದ್ದಿಲ್ಲ. ಪತಿ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಮೂವರು ಮಕ್ಕಳಿದ್ದಾರೆ. ಎಪ್ಪತ್ತು ದಾಟಿದ ಅತ್ತೆ ಮಂಡಿನೋವಿನಿಂದಾಗಿ ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ನಕ್ಷೆ ಬರೆದವರು ಈಶಾನ್ಯದಲ್ಲಿ 4×5 ಅಡಿಯ ‘ದೇವರ ಕೋಣೆ’ ತೋರಿಸಿದ್ದಾರೆ, ಅದನ್ನೇ ನಮಾಜ್ ಕೋಣೆ ಮಾಡಿಕೊಳ್ಳಿ ಎನ್ನುತ್ತಾರೆ. ಮಹಡಿಯ ಮೇಲೆ ಒಂದು ದೊಡ್ಡ ಕೋಣೆಯನ್ನೇ ಕಟ್ಟಿಸೋಣ ಎಂಬುದು ಪತಿಯ ಆಸೆ. ಹಾಲ್ ಮುಂಭಾಗದಲ್ಲಿದೆ. ಅದರ ಪಶ್ಚಿಮ ಗೋಡೆಯ ಆಚೆಗೆ ಅತ್ತೆಯ ಕೋಣೆ ಮತ್ತು ಅದಕ್ಕೆ ಸೇರಿದ ಬಚ್ಚಲು ಬರುತ್ತವೆ. ನಮಾಜಿಗೆಂದು ಜಾಗ ಮೀಸಲಿಟ್ಟರೆ ಅದು ಮಸೀದಿಯಂತೆ ಆಗಿಬಿಡುತ್ತದೆಯೇ? ಮುಟ್ಟಿನ ದಿನಗಳಲ್ಲಿ ನಾನೂ ಮಗಳೂ ಅಲ್ಲಿಗೆ ಹೋಗಬಾರದೇ? ಕಿಬ್ಲಾ (ನಮಾಜಿಗೆ ಮುಖ ಮಾಡುವ ದಿಕ್ಕು) ನೇರ ಪಶ್ಚಿಮವೇ? ಮೊಬೈಲು ಒಂದೊಂದು ಸಲ ಒಂದೊಂದು ದಿಕ್ಕು ತೋರಿಸುತ್ತದೆ.

ಉತ್ತರ: ಅಸ್ಸಲಾಮು ಅಲೈಕುಮ್, ತಂಗಿ. ನಿಮ್ಮ ಪತ್ರದಲ್ಲಿ ನಕ್ಷೆಯವರ ಸಲಹೆಯಿದೆ, ಪತಿಯ ಆಸೆಯಿದೆ, ನಿಮ್ಮ ಅನುಮಾನಗಳಿವೆ. ಆ ಜಾಗದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕಳೆಯಲಿರುವ ಅತ್ತೆಯವರ ಮಾತು ಮಾತ್ರ ಎಲ್ಲೂ ಇಲ್ಲ. ಮನೆಯ ಗಂಡಸರು ಫರ್ಜ್ (ಕಡ್ಡಾಯ) ನಮಾಜಿಗೆ ಮಸೀದಿಗೆ ಹೋಗುತ್ತಾರೆ. ದಿನಕ್ಕೆ ಐದು ಹೊತ್ತು, ವರ್ಷವಿಡೀ, ಮನೆಯೊಳಗೆ ನಮಾಜಿಗೆ ನಿಲ್ಲುವವರು ಹೆಂಗಸರು, ಮುದುಕರು, ಕಾಯಿಲೆಯವರು ಮತ್ತು ಮಕ್ಕಳು. ಆದರೆ ನಕ್ಷೆಯ ಮುಂದೆ ಕುಳಿತು ಎಲ್ಲವನ್ನೂ ತೀರ್ಮಾನಿಸುವವರು ಗಂಡಸರು ಮತ್ತು ಮೇಸ್ತ್ರಿ. ದಾವಣಗೆರೆ, ಚಿತ್ರದುರ್ಗ ಎರಡೂ ಊರುಗಳಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮನೆಗಳ ನಕ್ಷೆ ಬರೆಯುತ್ತಿರುವ ನಾನೂ ಬಹಳ ಕಾಲ ಇದೇ ತಪ್ಪು ಮಾಡಿದೆ.

ಅದರ ಕಥೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮ ಪತಿಯ ಆಸೆಗೆ ಉತ್ತರ ಅದರಲ್ಲಿದೆ. ವರ್ಷಗಳ ಹಿಂದೆ ಒಂದು ಅನುಕೂಲಸ್ಥ ಕುಟುಂಬಕ್ಕೆ ಮಹಡಿಯ ಮೇಲೆ 12×14 ಅಡಿಯ ನಮಾಜ್ ಕೋಣೆ ಮಾಡಿಕೊಟ್ಟೆ. ಬಿಳಿ ಅಮೃತಶಿಲೆಯ ನೆಲ, ಪಶ್ಚಿಮದ ಗೋಡೆಯಲ್ಲಿ ಮಿಹ್ರಾಬಿನ (ಮಸೀದಿಯಲ್ಲಿ ಕಿಬ್ಲಾ ತೋರಿಸುವ ಗೂಡಿನ) ಕಮಾನು, ಬಣ್ಣದ ಗಾಜಿನ ಕಿಟಕಿ. ಗೃಹಪ್ರವೇಶದ ದಿನ ಬಂದವರೆಲ್ಲ ಅದನ್ನೇ ಹೊಗಳಿದರು. ಎರಡನೆಯ ರಮಜಾನಿನ ಹೊತ್ತಿಗೆ ಹೋಗಿ ನೋಡಿದರೆ ಅಲ್ಲಿ ಟ್ರಂಕುಗಳು, ಹಳೆಯ ಹಾಸಿಗೆಗಳು, ಇಸ್ತ್ರಿಗೆ ಕಾದಿರುವ ಬಟ್ಟೆಯ ಗುಡ್ಡೆ. ಆ ಮನೆಯ ಅಜ್ಜಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಸೊಸೆಗೆ ಒಲೆಯ ಮೇಲೆ ಅನ್ನ ಬಿಟ್ಟು ಮೇಲೆ ಹೋಗಲಾಗುತ್ತಿರಲಿಲ್ಲ. ಇಬ್ಬರೂ ಮಂಚ ಮತ್ತು ಬೀರುವಿನ ನಡುವಿನ ಸಂದಿಯಲ್ಲಿ ಜಾನಮಾಜ್ (ನಮಾಜಿನ ಹಾಸು) ಹಾಸಿಕೊಳ್ಳುತ್ತಿದ್ದರು. ಆ ಸಂದಿಯನ್ನು ನೋಡಿದಾಗ ನನಗಾದ ನಾಚಿಕೆ ಇನ್ನೂ ಮರೆತಿಲ್ಲ. ಅಂದಿನಿಂದ ಮಹಡಿಯ ಮೇಲೆ ನಮಾಜ್ ಕೋಣೆ ಕೇಳುವವರಿಗೆ, ಹಿರಿಯರು ಮಲಗುವ ಜಾಗದಿಂದ ಹದಿನೈದು ಹೆಜ್ಜೆಯೊಳಗೆ, ಒಂದೇ ಮಟ್ಟದ ನೆಲದಲ್ಲಿ ಸಿಗುವುದಾದರೆ ಮಾತ್ರ ಜಾಗ ಮೀಸಲಿಡಿ ಎನ್ನುತ್ತೇನೆ.

ಕೋಣೆಯೇ ಬೇಕು ಎಂಬ ಹಟವನ್ನೂ ಬಿಡಬೇಕು. ನಮ್ಮ ದೀನಿನಲ್ಲಿ (ಧರ್ಮದಲ್ಲಿ) ಮನೆಯ ನಮಾಜಿನ ಜಾಗಕ್ಕಿರುವ ಅತ್ಯಂತ ಸುಂದರ ಉದಾಹರಣೆ ಒಂದು ಮೂಲೆಯದು. ಇತ್ಬಾನ್ ಇಬ್ನ್ ಮಾಲಿಕ್ ಎಂಬ ಸಹಾಬಿಯ (ಪ್ರವಾದಿಯವರ ಒಡನಾಡಿಯ) ದೃಷ್ಟಿ ಮಂದವಾಗಿತ್ತು. ಮಳೆ ಬಂದರೆ ಅವರಿಗೂ ಅವರ ಜನರ ಮಸೀದಿಗೂ ನಡುವಿನ ತಗ್ಗಿನಲ್ಲಿ ನೀರು ಹರಿಯುತ್ತಿತ್ತು, ದಾಟಲಾಗುತ್ತಿರಲಿಲ್ಲ. ತಾವು ಬಂದು ನನ್ನ ಮನೆಯಲ್ಲಿ ಒಮ್ಮೆ ನಮಾಜ್ ಮಾಡಿದರೆ ಆ ಜಾಗವನ್ನೇ ನಮಾಜಿಗೆ ಇಟ್ಟುಕೊಳ್ಳುತ್ತೇನೆ ಎಂದು ಅವರು ಪ್ರವಾದಿಯವರನ್ನು (ಸ) ಕೇಳಿಕೊಂಡರು. ಪ್ರವಾದಿಯವರು (ಸ) ಅಬೂಬಕರ್ ಅವರೊಂದಿಗೆ ಬಂದರು. ಬಂದವರು ಕುಳಿತುಕೊಳ್ಳುವುದಕ್ಕೂ ಮೊದಲು, ನಿಮ್ಮ ಮನೆಯಲ್ಲಿ ಎಲ್ಲಿ ನಮಾಜ್ ಮಾಡಬೇಕೆಂದು ಬಯಸುತ್ತೀರಿ ಎಂದು ಕೇಳಿದರು. ಇತ್ಬಾನ್ ಮನೆಯ ಒಂದು ಮೂಲೆಯನ್ನು ತೋರಿಸಿದರು. ಅಲ್ಲಿ ಎರಡು ರಕಅತ್ ನಮಾಜ್ ಆಯಿತು, ಆಮೇಲೆ ಮಾಂಸ ಮತ್ತು ಹಿಟ್ಟಿನಿಂದ ಮಾಡಿದ ಖಜೀರಾ ಎಂಬ ಅಡುಗೆಯನ್ನು ತಿನ್ನದೆ ಹೋಗಬಾರದೆಂದು ಮನೆಯವರು ಅತಿಥಿಗಳನ್ನು ನಿಲ್ಲಿಸಿಕೊಂಡರು. ಬುಖಾರಿ, ಮುಸ್ಲಿಮ್ ಎಂಬ ಎರಡೂ ಸಂಗ್ರಹಗಳಲ್ಲಿ ಇರುವ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದು. ಕಮಾನಿಲ್ಲ, ಗುಮ್ಮಟವಿಲ್ಲ. ಕಣ್ಣು ಕಾಣದ ಒಬ್ಬರ ಕಷ್ಟದಿಂದ ಹುಟ್ಟಿದ ಜಾಗ ಅದು, ಜಾಗವನ್ನು ಆರಿಸಿದವರೂ ಅವರೇ.

ಇನ್ನು ಆ 4×5 ಅಡಿಯ ದೇವರ ಕೋಣೆ. ನಕ್ಷೆಯವರ ಮೇಲೆ ಬೇಸರ ಬೇಡ. ನಮ್ಮ ಊರಿನ 30×40 ನಕ್ಷೆಗಳಲ್ಲಿ ಈಶಾನ್ಯದ ಆ ಚೌಕ ಕೈರೂಢಿಯಿಂದಲೇ ಬಿದ್ದುಬಿಡುತ್ತದೆ. ಪೂಜೆಗೆ ಅಷ್ಟು ಸಾಕು, ಏಕೆಂದರೆ ಅಲ್ಲಿ ದೇವರ ಮುಂದೆ ಕುಳಿತು ಕೈಮುಗಿಯುತ್ತಾರೆ. ನಮಾಜಿಗೆ ನಿಲ್ಲಬೇಕು, ಬಾಗಬೇಕು, ಹಣೆ ನೆಲಕ್ಕಿಡಬೇಕು. ಸಾಮಾನ್ಯ ಜಾನಮಾಜ್ ಸುಮಾರು 70 ಸೆಂಟಿಮೀಟರ್ ಅಗಲ, 110 ಸೆಂಟಿಮೀಟರ್ ಉದ್ದ ಇರುತ್ತದೆ. ಗೋಡೆಗೆ ನೇರವಾಗಿ ಹಾಸುವುದಾದರೆ ಲೆಕ್ಕ ಸುಲಭ, ಆದರೆ ನಮ್ಮಲ್ಲಿ ಅದನ್ನು ಓರೆಯಾಗಿ ಹಾಸಬೇಕಾಗುತ್ತದೆ. ಹಾಗೆ ಓರೆ ಮಾಡಿದಾಗ ಒಬ್ಬರಿಗೇ ಪೂರ್ವ–ಪಶ್ಚಿಮವಾಗಿ ನಾಲ್ಕೂಕಾಲು ಅಡಿ, ಉತ್ತರ–ದಕ್ಷಿಣವಾಗಿ ಮೂರೂಕಾಲು ಅಡಿ ಬೇಕು. ನಿಮ್ಮ ದೇವರ ಕೋಣೆಯ ಐದು ಅಡಿ ಪೂರ್ವ–ಪಶ್ಚಿಮವಾಗಿದ್ದರೆ ಒಬ್ಬರು ಇಕ್ಕಟ್ಟಿನಲ್ಲಿ ನಿಲ್ಲಬಹುದು. ನೀವೂ ಮಗಳೂ ಒಟ್ಟಿಗೆ ನಿಲ್ಲುವಂತಿಲ್ಲ. ಬಾಗಿಲು ಹಾಕಿದರೆ ಗಾಳಿಯಿಲ್ಲ, ಏಪ್ರಿಲ್ ತಿಂಗಳ ಜುಹರ್ (ಮಧ್ಯಾಹ್ನದ) ನಮಾಜನ್ನು ಅದರೊಳಗೆ ನೆನೆಸಿಕೊಳ್ಳಿ. ಅತ್ತೆಯ ಕೋಣೆಯಿಂದ ಅಲ್ಲಿಗೆ ಬರಲು ಇಡೀ ಹಾಲ್ ದಾಟಬೇಕು. ಆ ಗೋಡೆಗಳನ್ನು ಕೈಬಿಡಿ, ಜಾಗ ಹಾಲ್‌ಗೆ ಸೇರಿಕೊಳ್ಳಲಿ.

ಜಾಗ ನಿಮ್ಮ ಹಾಲ್‌ನಲ್ಲೇ ಇದೆ, ಅದರ ವಾಯವ್ಯ ಮೂಲೆಯಲ್ಲಿ. ಒಂದು ಬದಿಗೆ ಅತ್ತೆಯ ಕೋಣೆಯ ಗೋಡೆ, ಇನ್ನೊಂದು ಬದಿಗೆ ಉತ್ತರದ ಹೊರಗೋಡೆ. ಅಲ್ಲಿ ಪೂರ್ವ–ಪಶ್ಚಿಮ 5 ಅಡಿ, ಉತ್ತರ–ದಕ್ಷಿಣ ಆರೂವರೆ ಅಡಿಯ ಒಂದು ಅಂಕಣ ಬಿಡಿಸಿಕೊಳ್ಳಿ. ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲೇ ಕಟ್ಟುತ್ತಿದ್ದರು. ಗೋಡೆಯಿಲ್ಲದೆಯೂ ಇದು ಬೇರೆ ಜಾಗ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಹಾಲ್‌ನ ಕಡೆಗೆ ಗೋಡೆ ಬೇಡ, ಒಂದು ದಪ್ಪ ಪರದೆ ಸಾಕು. ಇಷ್ಟರಲ್ಲಿ ಇಬ್ಬರು ಆರಾಮವಾಗಿ ನಿಲ್ಲಬಹುದು, ಅಥವಾ ಒಬ್ಬರು ನಿಂತು ಪಕ್ಕದಲ್ಲಿ ಅತ್ತೆಯ ಕುರ್ಚಿ ಇಡಬಹುದು. ರಮಜಾನಿನ ರಾತ್ರಿ ಎಲ್ಲರೂ ಜಮಾಅತಿಗೆ ನಿಲ್ಲುವುದಾದರೆ ಪತಿ ಮತ್ತು ಒಬ್ಬ ಮಗ ಅಂಕಣದಲ್ಲಿ ನಿಲ್ಲಲಿ, ನೀವು, ಮಗಳು, ಅತ್ತೆ ಹಿಂದಿನ ಸಾಲಿನಲ್ಲಿ ಹಾಲ್‌ನಲ್ಲಿ. ಸಾಲೊಂದಕ್ಕೆ ನಾಲ್ಕು ಅಡಿ ಬೇಕು. ಸೋಫಾವನ್ನು ಆ ರಾತ್ರಿ ಸ್ವಲ್ಪ ಸರಿಸಿದರಾಯಿತು.

ಐದು ಅಡಿಗೆ ಆರೂವರೆ ಏಕೆ ಎಂದು ಕೇಳುತ್ತೀರಿ. ಆರೂವರೆ ಅಡಿ ಎಂದರೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ. ಹನಫಿ ಫಿಕ್ಹ್‌ನಲ್ಲಿ (ನಮ್ಮ ಪಂಥದ ಧರ್ಮನಿಯಮದಲ್ಲಿ) ಹೆಂಗಸರು ರಮಜಾನಿನ ಕೊನೆಯ ಹತ್ತು ದಿನಗಳ ಇತಿಕಾಫನ್ನು, ಅಂದರೆ ಪ್ರಾರ್ಥನೆಯಲ್ಲಿ ಒಂದೆಡೆ ಉಳಿಯುವ ವ್ರತವನ್ನು, ತಮ್ಮ ಮನೆಯಲ್ಲಿ ನಮಾಜಿಗೆಂದು ಗೊತ್ತುಪಡಿಸಿದ ಜಾಗದಲ್ಲೇ ಕೂರುತ್ತಾರೆ. ಶೌಚ, ವುಜೂ (ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಮುಂತಾದ ಅಗತ್ಯಗಳನ್ನು ಬಿಟ್ಟರೆ ಅಲ್ಲಿಂದ ಎದ್ದು ಬರುವಂತಿಲ್ಲ. ಊಟ, ನಿದ್ದೆ ಎಲ್ಲ ಅಲ್ಲೇ. ಅತ್ತೆಯವರು ಬಾಯಿಬಿಟ್ಟು ಹೇಳದಿದ್ದರೂ ಇತಿಕಾಫ್ ಕೂರುವ ಆಸೆ ಅವರಿಗೆ ಇದ್ದೇ ಇರುತ್ತದೆ. ನನ್ನ ಅನುಭವದಲ್ಲಿ ಈ ವಯಸ್ಸಿನ ಹತ್ತು ಹೆಂಗಸರಲ್ಲಿ ಎಂಟು ಮಂದಿ ಜಾಗ ಸಾಲದೆಂದೋ, ಮನೆಯವರಿಗೆ ತೊಂದರೆಯೆಂದೋ ಸುಮ್ಮನಾದವರು. ಬಚ್ಚಲು ಹತ್ತಿರವಿರುವ, ಪರದೆ ಎಳೆದುಕೊಳ್ಳಬಹುದಾದ, ಮಲಗಲು ಸಾಲುವ ಜಾಗವನ್ನು ಈಗಲೇ ಮಾಡಿಟ್ಟರೆ ಅವರು ಯಾರನ್ನೂ ಕೇಳಬೇಕಾಗುವುದಿಲ್ಲ.

ಇಷ್ಟೇ ಇಷ್ಟು ಜಾಗ ಸಾಲುತ್ತದೆಯೇ ಎಂಬ ಅಳುಕು ಬೇಡ. ಪ್ರವಾದಿಯವರ ಪತ್ನಿ ಆಯಿಶಾ (ರ) ಅವರು ಹೇಳಿದ ಮಾತು ಬುಖಾರಿಯಲ್ಲಿದೆ. ಪ್ರವಾದಿಯವರು (ಸ) ರಾತ್ರಿ ನಮಾಜ್ ಮಾಡುವಾಗ ನಾನು ಅವರ ಮುಂದೆ ಮಲಗಿರುತ್ತಿದ್ದೆ, ಅವರು ಸಜ್ದಾಕ್ಕೆ (ಹಣೆ ನೆಲಕ್ಕಿಡಲು) ಹೋಗುವಾಗ ನನ್ನನ್ನು ಮೆಲ್ಲನೆ ತಟ್ಟಿದರೆ ಕಾಲು ಮಡಚಿಕೊಳ್ಳುತ್ತಿದ್ದೆ, ಆಗ ಮನೆಗಳಲ್ಲಿ ದೀಪವಿರುತ್ತಿರಲಿಲ್ಲ ಎನ್ನುತ್ತಾರೆ. ಆ ಕೋಣೆಯ ಅಳತೆಯನ್ನು ಈ ಒಂದು ಮಾತಿನಿಂದಲೇ ಊಹಿಸಬಹುದು.

ಅಳತೆಗಿಂತ ನಡೆದಾಡುವ ದಾರಿ ಮುಖ್ಯ. ನಮಾಜ್ ಮಾಡುವವರ ಮುಂದೆ ಹಾದುಹೋಗುವುದು ಎಷ್ಟು ಭಾರದ ವಿಷಯವೆಂದು ತಿಳಿದರೆ, ಹಾದುಹೋಗುವ ಬದಲು ನಲವತ್ತರವರೆಗೆ ನಿಂತು ಕಾಯುವುದೇ ಲೇಸೆನಿಸುತ್ತಿತ್ತು ಎಂದು ಹದೀಸಿನಲ್ಲಿದೆ. ನಲವತ್ತು ದಿನವೋ ತಿಂಗಳೋ ವರ್ಷವೋ ಎಂಬುದು ತಮಗೆ ನೆನಪಿಲ್ಲವೆಂದು ವರದಿಗಾರರು ಪ್ರಾಮಾಣಿಕವಾಗಿ ಹೇಳಿಬಿಡುತ್ತಾರೆ. ನಾನು ನೋಡಿದ ಮುಕ್ಕಾಲು ಪಾಲು ಮನೆಗಳಲ್ಲಿ ಹೆಂಗಸರು ನಮಾಜ್ ಮಾಡುವುದು ಅಡುಗೆಮನೆಗೂ ಹಾಲ್‌ಗೂ ನಡುವಿನ ಓಡಾಟದ ದಾರಿಯಲ್ಲಿ. ಮಗು ಮುಂದೆ ಓಡುತ್ತದೆ, ನೀರಿನ ಕ್ಯಾನ್ ತಂದವನು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ, ಒಳಗಿರುವವರು ಸಲಾಮ್ ತಿರುಗಿಸಿ ನಮಾಜ್ ಮುಗಿಸಲು ಅವಸರಪಡುತ್ತಾರೆ. ನಿಮ್ಮ ಅಂಕಣದಲ್ಲಿ ಎದುರಿಗೆ ಗೋಡೆಯೇ ಇರುವುದರಿಂದ ಈ ತೊಂದರೆ ಇಲ್ಲ, ಒಂದು ಷರತ್ತಿನ ಮೇಲೆ. ಅತ್ತೆಯ ಕೋಣೆಯ ಬಾಗಿಲು ಅದೇ ಗೋಡೆಯ ದಕ್ಷಿಣ ತುದಿಗೆ ಬರಬೇಕು. ನಕ್ಷೆಯಲ್ಲಿ ಅದು ಉತ್ತರದ ತುದಿಯಲ್ಲಿದ್ದರೆ ನಾಳೆಯೇ ಬದಲಾಯಿಸಲು ಹೇಳಿ. ಗೋಡೆ ಎದ್ದ ಮೇಲೆ ಇದು ಸಾವಿರಾರು ರೂಪಾಯಿಯ ಮಾತು, ಈಗ ಒಂದು ಪೆನ್ಸಿಲ್ ಗೆರೆಯ ಮಾತು. ಎಂದಾದರೂ ತೆರೆದ ಜಾಗದಲ್ಲಿ ನಿಲ್ಲಬೇಕಾಗಿ ಬಂದರೆ ಮುಂದೆ ಒಂದು ಮೊಳ ಎತ್ತರದ ಸ್ಟೂಲ್ ಇಟ್ಟುಕೊಳ್ಳಿ, ಸುತ್ರಾ (ಮರೆ) ಆಗುತ್ತದೆ, ಅದರಾಚೆ ಜನ ಓಡಾಡಬಹುದು.

ಈಗ ದಿಕ್ಕು. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಕಿಬ್ಲಾ ಎಂದರೆ ಪಶ್ಚಿಮ ದಿಕ್ಕಲ್ಲ, ಮಕ್ಕಾದ ಕಾಬಾ. ಮಕ್ಕಾ ನಮಗಿಂತ ಉತ್ತರಕ್ಕಿದೆ. ಅದರ ಅಕ್ಷಾಂಶ 21.4 ಡಿಗ್ರಿ, ದಾವಣಗೆರೆಯದು ಸುಮಾರು 14.5, ಚಿತ್ರದುರ್ಗದ್ದು 14.2. ಭೂಮಿಯ ಗೋಳಾಕಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡೂ ಊರುಗಳಿಂದ ಕಿಬ್ಲಾ ಸುಮಾರು 287 ಡಿಗ್ರಿ ಬರುತ್ತದೆ, ಅಂದರೆ ನೇರ ಪಶ್ಚಿಮದಿಂದ 17 ಡಿಗ್ರಿ ಉತ್ತರಕ್ಕೆ. ಮೇಸ್ತ್ರಿಗೆ ಡಿಗ್ರಿ ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅವರಿಗೆ ಹೇಳುವ ಲೆಕ್ಕ ಬೇರೆ: ಪಶ್ಚಿಮಕ್ಕೆ ಹತ್ತು ಅಡಿ ದಾರ ಎಳೆಯಿರಿ, ಆ ತುದಿಯಿಂದ ಉತ್ತರಕ್ಕೆ ಮೂರು ಅಡಿ ಸರಿಯಿರಿ, ಶುರುವಿನ ಗೂಟದಿಂದ ಅಲ್ಲಿಗೆ ಗೆರೆ ಹಾಕಿ. ಹತ್ತಕ್ಕೆ ಮೂರು. ಇಷ್ಟನ್ನು ಯಾವ ಮೇಸ್ತ್ರಿಯೂ ಮರೆಯುವುದಿಲ್ಲ.

ಆದರೆ ಆ ಹತ್ತು ಅಡಿಯನ್ನು ನಿಮ್ಮ ಗೋಡೆಗೆ ಸಮನಾಗಿ ಎಳೆದರೆ ಕೆಲಸ ಕೆಟ್ಟಿತು. ಬಡಾವಣೆಗಳಲ್ಲಿ ‘ಪೂರ್ವಾಭಿಮುಖ’ ಎನ್ನುವುದು ರಸ್ತೆಯ ಲೆಕ್ಕದ ಮಾತು. ರಸ್ತೆಯೇ ಹತ್ತು ಹದಿನೈದು ಡಿಗ್ರಿ ಓರೆಯಾಗಿದ್ದರೆ ಗೋಡೆಯೂ ಅಷ್ಟೇ ಓರೆ. ನಿಜವಾದ ಉತ್ತರವನ್ನು ಕಂಡುಕೊಂಡು ಅಲ್ಲಿಂದ ಅಳೆಯಬೇಕು. ಮೊಬೈಲು ಬೇರೆ ಬೇರೆ ದಿಕ್ಕು ತೋರಿಸುವುದು ಅದರೊಳಗಿನ ಆಯಸ್ಕಾಂತದ ಸಂವೇದಕ ಹತ್ತಿರದ ಕಬ್ಬಿಣಕ್ಕೆ ಮಾರುಹೋಗುವುದರಿಂದ. ಕಂಬದ ಸರಳುಗಳು, ಬೀರು, ಸ್ಪೀಕರ್, ಪಕ್ಕದಲ್ಲಿ ನಿಂತ ಬೈಕ್, ಮೊಬೈಲಿನ ಕವರಿನಲ್ಲಿರುವ ಆಯಸ್ಕಾಂತ, ಎಲ್ಲವೂ ಅದನ್ನು ದಾರಿ ತಪ್ಪಿಸುತ್ತವೆ. ಕವರ್ ತೆಗೆದು, ನಿವೇಶನದ ಎದುರಿನ ಬಯಲಿನಲ್ಲಿ ನಿಂತು, ಮೂರು ಬೇರೆ ಜಾಗಗಳಲ್ಲಿ ನೋಡಿ, ಮೂರೂ ಹೊಂದಿದರೆ ನಂಬಿ. ನಮ್ಮ ಭಾಗದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಬಹಳ ಚಿಕ್ಕದು, ಮನೆಯ ಕೆಲಸಕ್ಕೆ ಅದನ್ನು ಲೆಕ್ಕಿಸಬೇಕಿಲ್ಲ.

ಮೊಬೈಲಿಗಿಂತ ನಂಬಿಕಸ್ಥ ಸಾಕ್ಷಿ ಒಂದಿದೆ, ಸೂರ್ಯ. ವರ್ಷದಲ್ಲಿ ಎರಡು ಸಲ ಸೂರ್ಯ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ. ಮೇ 27 ಅಥವಾ 28ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ. ಮತ್ತೆ ಜುಲೈ 15 ಅಥವಾ 16ರಂದು, 2 ಗಂಟೆ 57 ನಿಮಿಷಕ್ಕೆ. ಆ ಕ್ಷಣದಲ್ಲಿ ಸೂರ್ಯ ಯಾವ ದಿಕ್ಕಿನಲ್ಲಿ ಕಾಣುತ್ತಾನೋ ಅದೇ ಕಿಬ್ಲಾ. ಮೇಸ್ತ್ರಿಯ ತೂಕದ ಗುಂಡನ್ನು ದಾರದಲ್ಲಿ ಇಳಿಬಿಟ್ಟರೆ ದಾರದ ನೆರಳು ನೆಲದ ಮೇಲೆ ಬೀಳುತ್ತದೆ. ಆ ನೆರಳಿನ ಗೆರೆಯಲ್ಲಿ ಸೂರ್ಯನ ಕಡೆಗೆ ಮುಖ ಮಾಡಿದರೆ ಕಾಬಾದ ಕಡೆಗೆ ಮುಖ ಮಾಡಿದಂತೆ. ಒಂದೆರಡು ದಿನ ಹಿಂದುಮುಂದಾದರೂ ಗಣನೀಯ ವ್ಯತ್ಯಾಸವಾಗದು. ಜುಲೈಯಲ್ಲಿ ನಮ್ಮಲ್ಲಿ ಮೋಡದ ಕಾಟ, ಮೇ ತಿಂಗಳ ದಿನವನ್ನೇ ನಂಬಿಕೊಳ್ಳಿ. ಮೊದಲ ಸಲ ನಾನು ಈ ನೆರಳನ್ನು ಗುರುತು ಮಾಡಿದ್ದು ಚಿತ್ರದುರ್ಗದ ಒಂದು ತಾರಸಿಯ ಮೇಲೆ. ಜೋಗಿಮಟ್ಟಿಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಗುಂಡು ನಿಲ್ಲುತ್ತಲೇ ಇರಲಿಲ್ಲ, ಕೊನೆಗೆ ಅದನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ ನಿಲ್ಲಿಸಿದೆವು. ಆ ಕ್ಷಣ ಮಕ್ಕಾದಲ್ಲಿ ನಿಂತವನಿಗೆ ನೆರಳೇ ಇಲ್ಲ, ಅವನಿಗಿಲ್ಲದ ನೆರಳು ದುರ್ಗದ ತಾರಸಿಯ ಮೇಲೆ ನಮಗೆ ದಾರಿ ತೋರಿಸುತ್ತಿದೆ ಎಂದು ನೆನೆದು ಮೈ ಜುಮ್ಮೆಂದಿತ್ತು.

ಹಿರಿಯರು ‘ಹೊತ್ತು ಮುಳುಗುವ ದಿಕ್ಕು’ ಎನ್ನುತ್ತಿದ್ದರಲ್ಲ, ಅದೂ ಪೂರ್ತಿ ಸುಳ್ಳಲ್ಲ. ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ 7ರ ಆಸುಪಾಸಿನಲ್ಲಿ ನಮ್ಮ ಊರಿನ ಸೂರ್ಯ ಹೆಚ್ಚುಕಡಿಮೆ ಕಿಬ್ಲಾದ ದಿಕ್ಕಿನಲ್ಲೇ ಮುಳುಗುತ್ತಾನೆ. ಆದರೆ ಡಿಸೆಂಬರ್ ಕೊನೆಯಲ್ಲಿ ಅದೇ ಸೂರ್ಯ 40 ಡಿಗ್ರಿ ಎಡಕ್ಕೆ ಸರಿದಿರುತ್ತಾನೆ.

ಹಾಗಾದರೆ ಇಷ್ಟು ವರ್ಷ ನೇರ ಪಶ್ಚಿಮಕ್ಕೆ ಮಾಡಿದ ನಮಾಜ್ ವ್ಯರ್ಥವೇ? ಖಂಡಿತ ಅಲ್ಲ. ದೂರದಲ್ಲಿರುವವರು ಕಾಬಾದ ಕಡೆಗೆ ಮುಖ ಮಾಡಿದರೆ ಸಾಕು, ಕೂದಲೆಳೆಯ ನಿಖರತೆ ಅವರ ಮೇಲೆ ಹೊಣೆಯಲ್ಲ. ಹನಫಿ ಉಲಮಾಗಳ (ವಿದ್ವಾಂಸರ) ಪ್ರಕಾರ ಎರಡೂ ಕಡೆ 45 ಡಿಗ್ರಿಯೊಳಗಿನ ವ್ಯತ್ಯಾಸದಿಂದ ನಮಾಜ್ ಕೆಡುವುದಿಲ್ಲ. ನಮ್ಮ ಒಳನಾಡಿನ ಜಿಲ್ಲೆಗಳಲ್ಲಿ ಬಹುತೇಕ ಎಲ್ಲರೂ ಹನಫಿಗಳಾದ್ದರಿಂದ ಈ ಉತ್ತರದಲ್ಲಿ ಬರುವ ಮಸಲಾಗಳನ್ನೆಲ್ಲ (ಧರ್ಮದ ನಿಯಮಗಳನ್ನೆಲ್ಲ) ಅದೇ ರೀತಿ ಹೇಳುತ್ತಿದ್ದೇನೆ. ನಿಮ್ಮ ಗೆರೆಗೂ ಮೊಹಲ್ಲಾದ ಮಸೀದಿಗೂ ಐದಾರು ಡಿಗ್ರಿ ವ್ಯತ್ಯಾಸ ಕಂಡರೆ ಅದನ್ನು ಹಿಡಿದು ಅಲ್ಲಿ ಜಗಳ ತೆಗೆಯಬಾರದೆಂದು ಪತಿಗೂ ಹೇಳಿ. ದಿಕ್ಕು ಸರಿ ಮಾಡಿಕೊಳ್ಳುವುದು ಹೊಸ ಮನೆ ಕಟ್ಟುವವರಿಗೆ ಸಿಕ್ಕಿರುವ ಅವಕಾಶ.

ಆ ಅವಕಾಶವನ್ನು ನೆಲದಲ್ಲೇ ಬರೆದುಬಿಡಿ. ಅಂಕಣದ ನೆಲಕ್ಕೆ ಟೈಲ್ಸ್ ಹಾಕುವಾಗ ಎರಡು ಇಂಚು ಅಗಲದ ಕಪ್ಪು ಕಡಪ ಕಲ್ಲಿನ ಪಟ್ಟಿಯೊಂದನ್ನು ಸಾಲಿನ ಗೆರೆಯಾಗಿ, ಕಿಬ್ಲಾಕ್ಕೆ ಅಡ್ಡಲಾಗಿ ಕೂರಿಸಿ. ಜಾನಮಾಜಿನ ಹಿಂದಿನ ಅಂಚನ್ನು ಅದಕ್ಕೆ ತಾಗಿಸಿದರೆ ದಿಕ್ಕು ತಾನಾಗಿ ಸರಿಯಾಗುತ್ತದೆ. ಕತ್ತಲೆಯಲ್ಲಿ ಫಜರ್‌ಗೆ ಎದ್ದ ಅತ್ತೆ, ಮನೆಗೆ ಬಂದ ಅತಿಥಿ, ಹೊಸದಾಗಿ ಕಲಿಯುತ್ತಿರುವ ಮಗು, ಯಾರೂ ಕೇಳಬೇಕಾಗಿಲ್ಲ. ಅಂಕಣದ ನೆಲವನ್ನು ಎತ್ತರಿಸಬೇಡಿ. ಅರ್ಧ ಇಂಚಿನ ಮೆಟ್ಟಿಲೂ ಮುದುಕರನ್ನು ಬೀಳಿಸುತ್ತದೆ. ಕಲ್ಲಿನ ಬಣ್ಣ ಬದಲಾದರೆ ಸಾಕು, ಅಲ್ಲಿಗೆ ಚಪ್ಪಲಿ ಬರುವುದಿಲ್ಲ.

ನಮ್ಮ ಊರಿನಲ್ಲಿ ಕಿಬ್ಲಾ ಪಶ್ಚಿಮದ ಕಡೆಗಿರುವುದರಿಂದ ಇನ್ನೊಂದು ತೊಡಕಿದೆ. ಪಶ್ಚಿಮದ ಹೊರಗೋಡೆ ಮಧ್ಯಾಹ್ನವೆಲ್ಲ ಬಿಸಿಲು ಕುಡಿದು ಅಸರ್, ಮಗ್ರಿಬ್ ಹೊತ್ತಿಗೆ ಒಳಕ್ಕೆ ಧಗೆ ಉಗುಳುತ್ತದೆ. ಆ ಗೋಡೆಗೆ ಕಿಟಕಿಯಿಟ್ಟರೆ ಬೇಸಿಗೆಯಲ್ಲಿ ಇಳಿಬಿಸಿಲು ನೇರ ಕಣ್ಣಿಗೆ. ನಿಮ್ಮ ಅಂಕಣದ ಪಶ್ಚಿಮಕ್ಕೆ ಅತ್ತೆಯ ಕೋಣೆ ಅಡ್ಡವಿರುವುದರಿಂದ ಈ ಎರಡೂ ತಪ್ಪುತ್ತವೆ. ಗಾಳಿಗೆ ಉತ್ತರದ ಗೋಡೆಯಲ್ಲಿ ಕಿಟಕಿ ಇಡಿ.

ಎದುರಿನ ಗೋಡೆ ಬರಿದಾಗಿರಲಿ. ಇದನ್ನು ನಾನು ಸ್ವಲ್ಪ ಹಟದಿಂದಲೇ ಹೇಳುತ್ತೇನೆ. ಕಾಬಾದ ಚಿತ್ರವಿರುವ ಹೊಳೆಯುವ ಟೈಲ್ಸ್, ಅಜಾನ್ ಕೂಗುವ ಗಡಿಯಾರ, ಕನ್ನಡಿಯ ಬಾಗಿಲಿನ ಬೀರು, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್, ಇವುಗಳಲ್ಲಿ ಒಂದೂ ಅಲ್ಲಿ ಬೇಡ. ಕುಟುಂಬದ ಫೋಟೋಗಳಂತೂ ಬೇಡವೇ ಬೇಡ. ಆಯಿಶಾ ಅವರ ಮನೆಯ ಚಿತ್ರದ ಪರದೆಯನ್ನು ತೆಗೆಸಿ, ಅದರ ಚಿತ್ರಗಳು ನಮಾಜಿನಲ್ಲಿ ನನ್ನ ಕಣ್ಣಮುಂದೆ ಸುಳಿಯುತ್ತಿವೆ ಎಂದವರು ಪ್ರವಾದಿಯವರು (ಸ). ಅವರಿಗೇ ಹಾಗಾದರೆ ನಮ್ಮ ಗತಿಯೇನು? ಜಾನಮಾಜ್ ಕೂಡ ಸಾದಾ ಇದ್ದಷ್ಟೂ ಒಳ್ಳೆಯದು. ನವಲಗುಂದದ ಮುಸ್ಲಿಮ್ ಹೆಂಗಸರು ನೇಯುವ ಜಮಖಾನ ನನಗೆ ಬಲು ಇಷ್ಟ, ಆದರೆ ಅದರ ಹೆಸರಾಂತ ನವಿಲುಗಳು ಹಾಲ್‌ಗೆ ಸರಿ, ಸಜ್ದಾದ ಜಾಗಕ್ಕಲ್ಲ. ಮಂಡಿಗೆ ಮೆತ್ತಗೆ ಬೇಕಿದ್ದರೆ ಚಳ್ಳಕೆರೆಯ ಕಂಬಳಿಯೊಂದನ್ನು ಮಡಚಿ ಕೆಳಗೆ ಹಾಸಿ. ಹಣೆಗೆ ನೆಲದ ಗಟ್ಟಿತನ ಸಿಗಬೇಕು, ದಪ್ಪ ಸ್ಪಂಜು ಆಗದು.

ಪಕ್ಕದ ಉತ್ತರ ಗೋಡೆಯಲ್ಲಿ ಕಿಟಕಿಯ ಪಕ್ಕ ಎದೆಮಟ್ಟಕ್ಕೆ ಒಂದು ಗೂಡು ಬಿಡಿ, ಕುರ್‌ಆನ್, ಅದನ್ನಿಟ್ಟು ಓದುವ ರೆಹಲು, ಜಪಮಣಿಯ ತಸ್ಬೀಹ್ ಇಡಲು. ಅದಕ್ಕೆ ಬಾಗಿಲಿರಲಿ, ಧೂಳಿನ ಊರು ನಮ್ಮದು. ಚಿತ್ರದುರ್ಗದಲ್ಲಿ ನನ್ನ ಅಜ್ಜಿಯ ಮನೆ ಪಿಂಜಾರರ ಮನೆ. ಹತ್ತಿ ಹಿಂಜುವ ಬಿಲ್ಲಿನ ಸದ್ದು ನಿಂತರೂ ಅರಳೆ ಗಾಳಿಯಲ್ಲಿ ತೇಲುತ್ತಲೇ ಇರುತ್ತಿತ್ತು, ಅನ್ನದ ತಟ್ಟೆಗೂ ಇಳಿಯುತ್ತಿತ್ತು. ಅಜ್ಜಿ ಹಿಂದಿನ ಬಾಗಿಲ ಬಳಿ ನಾಲ್ಕು ಅಡಿ ನೆಲವನ್ನು ದಿನಕ್ಕೆ ಐದು ಸಲ ಗುಡಿಸುತ್ತಿದ್ದಳು. ಅದರ ಮೇಲಿನ ಗೂಡಿಗೆ ಒಂದು ಹಳೆಯ ಸೀರೆಯ ತುಂಡಿನ ಪರದೆ. ಅಷ್ಟು ನೆಲದ ಮೇಲೆ ಮಕ್ಕಳಾದ ನಾವು ಆಟವಾಡುತ್ತಿರಲಿಲ್ಲ. ಆಡಬೇಡಿ ಎಂದು ಅವಳು ಒಮ್ಮೆಯೂ ಹೇಳಿದ ನೆನಪಿಲ್ಲ.

ಭಟ್ಟಿಯಿಂದ ಪತಿ ಬರುವಾಗ ಮೈಮೇಲಿನ ಹೊಟ್ಟಿನ ಧೂಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಕೊಳೆ, ನಾಪಾಕಲ್ಲ, ಅಂದರೆ ಧಾರ್ಮಿಕ ಅಶುದ್ಧಿಯಲ್ಲ. ಕೈಕಾಲು ತೊಳೆದು ಬಟ್ಟೆ ಕೊಡವಿ ನಿಂತರೆ ನಮಾಜಿಗೆ ಅಡ್ಡಿಯಿಲ್ಲ.

ವುಜೂ ಜಾಗ ಅತ್ತೆಯ ಬಚ್ಚಲಿನಲ್ಲೇ ಇರಲಿ. ವಾಶ್‌ಬೇಸಿನ್‌ಗೆ ಕಾಲೆತ್ತುವುದು ಎಪ್ಪತ್ತರ ವಯಸ್ಸಿನಲ್ಲಿ ಸೊಂಟ ಮುರಿದುಕೊಳ್ಳುವ ದಾರಿ. ಒಂದೂವರೆ ಅಡಿ ಎತ್ತರದ ಕಟ್ಟೆಯೊಂದನ್ನು ಕಟ್ಟಿಸಿ, ಕುಳಿತಾಗ ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುವಂತೆ ನಲ್ಲಿ ಇಡಿಸಿ, ನೆಲಕ್ಕೆ ಒರಟು ಟೈಲ್ಸ್ ಹಾಕಿಸಿ. ನಲ್ಲಿ ಸಣ್ಣಗೆ ಹರಿಯುವಂಥದ್ದಿರಲಿ. ಪ್ರವಾದಿಯವರು (ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಎರಡು ಕೈ ಸೇರಿಸಿದ ಒಂದು ಬೊಗಸೆಯ ಅಳತೆಯಲ್ಲಿ, ವುಜೂ ಮುಗಿಸುತ್ತಿದ್ದರು. ನಾವು ಬೇಸಿಗೆಯಲ್ಲಿ ನೀರಿಗೆ ಕಾಯುವ ಊರಿನಲ್ಲಿದ್ದುಕೊಂಡು ಪೂರ್ತಿ ತೆರೆದ ನಲ್ಲಿಯಲ್ಲಿ ಅದರ ಹಲವು ಪಟ್ಟು ಹರಿಸುತ್ತೇವೆ.

ಬಚ್ಚಲಿನ ವಿಷಯ ಬಂದದ್ದರಿಂದ, ನಕ್ಷೆಯವರು ಎಂದೂ ಯೋಚಿಸದ ಒಂದು ಮಾತು. ಕಮೋಡನ್ನು ಉತ್ತರ–ದಕ್ಷಿಣವಾಗಿ ಕೂರಿಸಲು ಹೇಳಿ. ಶೌಚಕ್ಕೆ ಕುಳಿತಾಗ ಕಿಬ್ಲಾದ ಕಡೆಗೆ ಮುಖವಾಗಲಿ ಬೆನ್ನಾಗಲಿ ಇರಬಾರದು. ಹನಫಿ ರೀತಿಯಲ್ಲಿ ಗೋಡೆಯೊಳಗಿದ್ದರೂ ಇದೇ ನಿಯಮ. ಶಾಮ್ (ಸಿರಿಯಾ ಕಡೆಯ) ದೇಶಕ್ಕೆ ಹೋದಾಗ ಅಲ್ಲಿನ ಶೌಚಾಲಯಗಳು ಕಿಬ್ಲಾದ ಕಡೆಗೆ ಕಟ್ಟಿದವಾಗಿದ್ದವು, ನಾವು ಪಕ್ಕಕ್ಕೆ ತಿರುಗಿ ಕೂರುತ್ತಿದ್ದೆವು, ಅಲ್ಲಾಹನ ಕ್ಷಮೆ ಬೇಡುತ್ತಿದ್ದೆವು ಎಂದು ಅಬೂ ಅಯ್ಯೂಬ್ ಅನ್ಸಾರಿ (ರ) ಹೇಳಿದ್ದಾರೆ. ಪೈಪ್ ಹಾಕುವ ಮುನ್ನ ಒಂದು ಮಾತು ಹೇಳಿದರೆ ನಿಮಗೆ ಆ ಪಾಡಿಲ್ಲ. ನಮಾಜಿನ ಎದುರಿನ ಗೋಡೆಯ ಆಚೆ ಬಚ್ಚಲು ಬಂದರೆ ನಮಾಜ್ ಆಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ನಡುವೆ ಗೋಡೆಯಿದ್ದು ನಿಂತ ನೆಲ ಪಾಕ್ ಆಗಿದ್ದರೆ ಆಗುತ್ತದೆ. ಸಾಧ್ಯವಿದ್ದರೆ ತಪ್ಪಿಸುವುದು ಮನಸ್ಸಿಗೆ ಹಿತ, ನಿಮ್ಮಲ್ಲಿ ಬಚ್ಚಲನ್ನು ದಕ್ಷಿಣದ ಕಡೆಗೆ ಸರಿಸಿದರೆ ತಪ್ಪುತ್ತದೆ. ಅತ್ತೆಯ ಮಂಚವನ್ನೂ ಕಾಲು ಪಶ್ಚಿಮಕ್ಕೆ ಬಾರದಂತೆ ಉತ್ತರ–ದಕ್ಷಿಣವಾಗಿ ಹಾಕಿ.

ಕೊನೆಗೆ, ನೀವು ಅಳುಕುತ್ತಲೇ ಕೇಳಿದ ಪ್ರಶ್ನೆ. ಮನೆಯ ನಮಾಜಿನ ಜಾಗ ಮಸೀದಿಯಲ್ಲ. ಮಸೀದಿ ವಕ್ಫ್ ಆದ ಆಸ್ತಿ, ಒಮ್ಮೆ ಆದರೆ ಅದು ಯಾರ ಸ್ವತ್ತೂ ಅಲ್ಲ, ಮಾರುವಂತಿಲ್ಲ, ಹಿಂತೆಗೆದುಕೊಳ್ಳುವಂತಿಲ್ಲ. ನಿಮ್ಮ ಅಂಕಣ ನಿಮ್ಮ ಮನೆಯ ಭಾಗವಾಗಿಯೇ ಇರುತ್ತದೆ. ನಾಳೆ ಅಲ್ಲಿ ಊಟದ ಮೇಜು ಇಡಬೇಕಾದರೂ, ಮನೆ ಮಾರಬೇಕಾದರೂ ಅಡ್ಡಿಯಿಲ್ಲ. ಮಸೀದಿಯನ್ನು ಪ್ರವೇಶಿಸುವ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲ. ಮುಟ್ಟಿನ ದಿನಗಳಲ್ಲಿ ನೀವೂ ಮಗಳೂ ಅಲ್ಲಿಗೆ ಧಾರಾಳವಾಗಿ ಹೋಗಬಹುದು, ಕೂರಬಹುದು, ಗುಡಿಸಬಹುದು. ಬಹಳ ಮಂದಿಗೆ ತಿಳಿಯದ ಇನ್ನೊಂದು ಮಾತು ಹನಫಿ ಗ್ರಂಥಗಳಲ್ಲೇ ಇದೆ: ಆ ದಿನಗಳಲ್ಲಿ ನಮಾಜಿನ ಹೊತ್ತಾದಾಗ ಹೆಣ್ಣುಮಗಳು ವುಜೂ ಮಾಡಿ ತನ್ನ ಮನೆಯ ನಮಾಜಿನ ಜಾಗದಲ್ಲಿ ಕುಳಿತು ಸುಬ್ಹಾನಲ್ಲಾಹ್, ಲಾ ಇಲಾಹ ಇಲ್ಲಲ್ಲಾಹ್ ಹೇಳಿಕೊಳ್ಳುವುದು ಒಳ್ಳೆಯದು, ಅಭ್ಯಾಸ ತಪ್ಪದಿರಲೆಂದು. ಹೋಗಬಾರದೇ ಎಂದು ನೀವು ಕೇಳಿದಿರಿ, ಹೋಗಿ ಕೂರಿ ಎನ್ನುತ್ತದೆ ಫಿಕ್ಹ್. ಮಗಳಿಗೆ ಇದನ್ನು ನೀವೇ ಹೇಳಿ, ಬೇರೆಯವರಿಂದ ತಪ್ಪಾಗಿ ಕೇಳುವ ಮುಂಚೆ.

ಈ ವಾರವೇ ಒಂದು ಕೆಲಸ ಮಾಡಿ. ಬಿಸಿಲು ಇಳಿದ ಮೇಲೆ ಅತ್ತೆಯವರನ್ನು ಆಟೋದಲ್ಲಿ ನಿವೇಶನಕ್ಕೆ ಕರೆದುಕೊಂಡು ಹೋಗಿ. ಅವರ ಕುರ್ಚಿಯೂ ಜೊತೆಗಿರಲಿ. ಪಾಯದ ನಡುವಿನ ಮಣ್ಣನ್ನು ಸಮ ಮಾಡಿಸಿ, ಅಂಕಣದ ನಾಲ್ಕು ಮೂಲೆಗೂ ಹತ್ತಕ್ಕೆ ಮೂರರ ಗೆರೆಗೂ ಸುಣ್ಣದ ಪುಡಿ ಉದುರಿಸಿ. ನಾನು ಹೇಳಿದ ಜಾಗವನ್ನೇ ತೋರಿಸಿ ಒಪ್ಪಿಸಬೇಡಿ, ಇತ್ಬಾನರನ್ನು ಕೇಳಿದ ಹಾಗೆ ಎಲ್ಲಿ ಬೇಕು ಎಂದು ಕೇಳಿ. ಅವರು ಬೇರೆ ಮೂಲೆ ತೋರಿಸಿದರೆ ನಕ್ಷೆ ಅವರ ಹಿಂದೆ ಹೋಗಲಿ. ಆರಿಸಿದ ಜಾಗದಲ್ಲಿ ಒಂದು ಚಾಪೆ ಹಾಸಿ ಎರಡು ರಕಅತ್ ಮಾಡಿ ನೋಡಲು ಹೇಳಿ. ಅವರು ಕುರ್ಚಿಯಿಂದ ಏಳುವಾಗ ಗಮನವಿಟ್ಟು ನೋಡಿ, ಆಸರೆಗೆಂದು ಅವರ ಕೈ ಗಾಳಿಯಲ್ಲಿ ಎಲ್ಲಿ, ಎಷ್ಟು ಎತ್ತರಕ್ಕೆ ಚಾಚುತ್ತದೆ ಎಂದು. ಅದನ್ನು ಟೇಪಿನಲ್ಲಿ ಅಳೆದು ಮೇಸ್ತ್ರಿಗೆ ಬರೆದುಕೊಡಿ. ಹಿಡಿಯುವ ಸರಳು ಆ ಎತ್ತರಕ್ಕೆ, ಆ ಕೈಯ ಬದಿಗೆ ಬರಬೇಕು.